ಬೂಟು ಮೂಸುವವನ ಮನೆಗೆ ಬಂದವರು

ಮುಂಬಯಿಯಲ್ಲಿ ಗುರುತಿನವರು ಎಲ್ಲಿ ಸಿಕ್ಕರೂ ನನ್ನ ಮುಂದೆ ಮೊದಲು ಚಾಚುವುದು ಕಾಲು. ಕೈ ಕೊಡುವುದು ಆಮೇಲೆ, ಅದೂ ನೆನಪಾದರೆ. ಲೋಕಲ್ ರೈಲಿನಲ್ಲಿ ತೋರಿಸಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ತೋರಿಸಿದ್ದಾರೆ, ಒಮ್ಮೆ ಎಕ್ಸ್‌ರೇ ಕೋಣೆಯಲ್ಲೂ ತೋರಿಸಿದ್ದಾರೆ. ಎಕ್ಸ್‌ರೇ ಕೋಣೆಯಲ್ಲಿ ತೋರಿಸಿದವರು ಡಾಕ್ಟರರೇ. ನನ್ನ ಮೊಣಕಾಲಿನ ಚಿತ್ರವನ್ನು ಅವರು ನೋಡುವ ಮೊದಲು ಅವರ ಬೂಟಿನ ತಳವನ್ನು ನಾನು ನೋಡಬೇಕಾಯಿತು. ತಳ ಗಟ್ಟಿಮುಟ್ಟಾಗಿತ್ತು. ಸವೆದದ್ದು ನನ್ನ ಮೊಣಕಾಲು.

ಇದಕ್ಕೆಲ್ಲ ಕಾರಣ ನನ್ನ ಮೂಗು. ಧಾರವಾಡದಿಂದ ಬಂದ ನಾನು ಫೋರ್ಟ್ ಬಡಾವಣೆಯ ಒಂದು ದುಬಾರಿ ಬೂಟಿನ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಸೇಲ್ಸ್‌ಮನ್ ಆಗಿದ್ದೆ. ಗಿಡ್ಡ ಸ್ಟೂಲಿನ ಮೇಲೆ ಕೂತು ಊರವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬದುಕಿದವನು. ಹೊಸ ಮಾಲು ಬಂದಾಗ ಬೂಟಿನೊಳಗೆ ಮೂಗು ತೂರಿಸಿ ಮೂಸುತ್ತಿದ್ದೆ. ಒಳ್ಳೆಯ ಚರ್ಮಕ್ಕೆ ಒಂದು ವಾಸನೆ, ಅಂಟಿಗೆ ಇನ್ನೊಂದು. ಎರಡನ್ನೂ ಮುಚ್ಚಿಡಲು ಸಿಂಪಡಿಸಿದ ಸೆಂಟಿಗೆ ಮೂರನೆಯದು. ಹಾಗೆ ನನಗೆ "ಬೂಟು ಮೂಸುವವರು" ಎಂಬ ಬಿರುದು ಬಂತು. ಸನ್ಮಾನ ಬರಲಿಲ್ಲ.

ಈಗ ಘಾಟ್ಕೋಪರಿನ ಒಂದು ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ಒಬ್ಬನೇ ಇದ್ದೇನೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು, ನಾನು ಕೆಲಸದಿಂದ ನಿವೃತ್ತನಾಗಿ ಮೂರು. ಮಕ್ಕಳಿಲ್ಲ. ದಿನಾ ತಪ್ಪದೆ ನನ್ನನ್ನು ಮಾತಾಡಿಸುವುದು ನಮ್ಮ ಲಿಫ್ಟ್. "ಕೃಪಯಾ ದರವಾಜಾ ಬಂದ್ ಕರೇಂ" ಎನ್ನುತ್ತದೆ. ಮೊದಮೊದಲು ಕೋಪ ಬರುತ್ತಿತ್ತು, ಈಗ "ಹಾಂ, ಬಾಗಿಲಾ ಹಾಕ್ತೀನಿ" ಎಂದು ಉತ್ತರ ಕೊಡುತ್ತೇನೆ. ಬಾಗಿಲ ಗಂಟೆ ಬಾರಿಸುವವರು ಇಲ್ಲವೆಂದಲ್ಲ. ಬರುತ್ತಾರೆ, ಬೂಟು ತೋರಿಸುತ್ತಾರೆ, ಹೋಗುತ್ತಾರೆ. ಬೂಟಿನ ಕೆಲಸವಿಲ್ಲದೆ ಸುಮ್ಮನೆ ಯಾರಾದರೂ ಒಬ್ಬರು ಬಂದು, ಕೂತು, ಚಹಾ ಕುಡಿದು ಹೋಗಲಿ ಎಂಬುದಷ್ಟೇ ನನ್ನ ಈಗಿನ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಮುಂಬಯಿಯಲ್ಲಿ ಸಮುದ್ರ ಕಾಣುವ ಫ್ಲಾಟು ಬೇಕಾದರೂ ಸಿಗಬಹುದು, ಇದು ಸಿಗುವುದಿಲ್ಲ.

ಪಾಠ ಹೇಳಿದ ತಪ್ಪು

ಅಂಗಡಿಗೆ ಸೇರಿದ ಹೊಸತು. ಒಂದು ಬೆಳಿಗ್ಗೆ ಒಬ್ಬ ಬ್ಯಾಂಕ್ ಆಫೀಸರು ಬಂದರು. ಆಗಷ್ಟೇ ಪ್ರಮೋಷನ್ ಆಗಿತ್ತು. ಮೊದಲ ಸಲ ದುಬಾರಿ ಬೂಟು ಕೊಳ್ಳುವವರ ಮುಖದಲ್ಲಿ ಒಂದು ಹೆದರಿಕೆ ಇರುತ್ತದೆ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ. "ಇದು ಇಷ್ಟು ದುಡ್ಡಿಗೆ ತಕ್ಕದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದು ಪಾಪ ಮೆಲ್ಲಗೆ ಕೇಳಿದರು.

ನನಗೆ ಅಯ್ಯೋ ಅನ್ನಿಸಿತು. ಸ್ಟೂಲು ಹತ್ತಿರ ಎಳೆದುಕೊಂಡು ಕಲಿತದ್ದನ್ನೆಲ್ಲ ಹೇಳಿಕೊಟ್ಟೆ. ಹೆಬ್ಬೆರಳಿನಿಂದ ಒತ್ತಿ ನೋಡಿ. ಸಣ್ಣ ಸಣ್ಣ ನೆರಿಗೆ ಎದ್ದು, ಬೆರಳು ತೆಗೆದ ಕೂಡಲೇ ಮಾಯವಾದರೆ ಚರ್ಮ ಒಳ್ಳೆಯದು. ಕನ್ನಡಿಯ ಹಾಗೆ ಎಲ್ಲ ಕಡೆ ಒಂದೇ ಸಮ ಹೊಳೆಯುತ್ತಿದ್ದರೆ ಅನುಮಾನ ಪಡಿ. ಬದುಕಿದ್ದ ಪ್ರಾಣಿಯ ಚರ್ಮದ ಮೇಲೆ ನೊಣ ಕಚ್ಚಿದ ಗುರುತಾದರೂ ಇರಬೇಡವೇ? ತಳದ ಅಂಚಿನಲ್ಲಿ ಕಾಣುವ ಹೊಲಿಗೆ ನಿಜವಾದ ದಾರವೋ, ಅಚ್ಚಿನಲ್ಲಿ ಒತ್ತಿದ ಗೆರೆಯೋ, ಉಗುರಿನಿಂದ ಕೆರೆದು ನೋಡಿ. ಮೇಜಿನ ಮೇಲಿಟ್ಟು ತಟ್ಟಿ. ಓಲಾಡುವ ಬೂಟನ್ನು ಅಲ್ಲಿಗೇ ಬಿಡಿ. ಕೊನೆಯದಾಗಿ, ಕೊಳ್ಳುವುದಾದರೆ ಸಂಜೆ ಕೊಳ್ಳಿ. ದಿನವೆಲ್ಲ ನಡೆದ ಪಾದ ಊದಿರುತ್ತದೆ, ಅಳತೆ ಸುಳ್ಳು ಹೇಳುವುದಿಲ್ಲ.

ಅವರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಬ್ಯಾಂಕಿನವರಲ್ಲವೇ, ಆಮೇಲೆ ಎದ್ದು ಅಂಗಡಿಯ ತಪಾಸಣೆಗೇ ಹೊರಟರು. ಒಂದೊಂದೇ ಬೂಟು ತೆಗೆದು ಒತ್ತುವುದು, ಕೆರೆಯುವುದು, ತಟ್ಟುವುದು. ಎರಡನೆಯ ಕಪಾಟಿಗೆ ಬರುವಷ್ಟರಲ್ಲಿ "ಇದರ ಹೊಲಿಗೆ ಸುಳ್ಳು!" ಎಂದು ಇಡೀ ಅಂಗಡಿಗೆ ಕೇಳಿಸುವಂತೆ ಕೂಗಿದರು. ಒಂದು ಕಾಲಿಗೆ ಬೂಟು ಹಾಕಿಕೊಂಡು ಕನ್ನಡಿ ನೋಡುತ್ತಿದ್ದ ಮೂವರು ಗಿರಾಕಿಗಳು ಅದನ್ನು ಕಳಚಿ ಉಗುರಿನಿಂದ ಕೆರೆಯತೊಡಗಿದರು.

ಅಂಗಡಿಯ ಮಾಲೀಕ ಶೇಠ್ ನನ್ನನ್ನು ಗೋದಾಮಿಗೆ ಕರೆದು, "ಅರೇ ಭಾಯಿ, ನಿನ್ನನ್ನು ಇಟ್ಟುಕೊಂಡದ್ದು ಬೂಟು ಮಾರಲಿಕ್ಕೆ, ಕಾಲೇಜು ತೆರೆಯಲಿಕ್ಕಲ್ಲ" ಎಂದರು. ಹೊರಗೆ ಬಂದಾಗ ಆಫೀಸರು ನನ್ನ ಎರಡೂ ಕೈ ಹಿಡಿದು, "ಈಗ ಹನ್ನೊಂದು ಗಂಟೆ. ನೀವು ಹೇಳಿದ ಹಾಗೆ ಸಂಜೆಯೇ ಬರುತ್ತೇನೆ" ಎಂದು ಹೊರಟರು.

ಮಾತಿಗೆ ತಪ್ಪುವ ಮನುಷ್ಯರಲ್ಲ. ಸಂಜೆ ಬಂದರು, ಎದುರಿನ ಅಂಗಡಿಗೆ.

ಮುಖಕ್ಕಿಂತ ಪಾದ

ಇಷ್ಟು ವರ್ಷ ತಲೆ ಬಗ್ಗಿಸಿ ಕೂತವನಿಗೆ ಮುಖಗಳು ನೆನಪಿರುವುದಿಲ್ಲ. ಯಾರಾದರೂ "ಹೇಗಿದ್ದೀರಿ?" ಎಂದರೆ ನಾನು ಕೆಳಗೆ ನೋಡುತ್ತೇನೆ. ಒಂಬತ್ತು ನಂಬರು, ಎಡಗಾಲು ತುಸು ದೊಡ್ಡದು, ಓಹೋ, ವಕೀಲರು!

ಒಮ್ಮೆ ದಾದರ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಹೆಂಡತಿ ಕೈತಪ್ಪಿದಳು. ಗಾಬರಿಯೇನೂ ಆಗಲಿಲ್ಲ. ನಾನೇ ಆರಿಸಿ ಕೊಡಿಸಿದ ಕಂದು ಬಣ್ಣದ ಚಪ್ಪಲಿ, ಹಿಮ್ಮಡಿಯಲ್ಲಿ ಎರಡು ಸಾಲು ಹೊಲಿಗೆ. ಸಾವಿರ ಕಾಲುಗಳ ನಡುವೆ ಅದನ್ನು ಹುಡುಕುವುದು ನನಗೆ ಕಷ್ಟವೇ? ಹುಡುಕಿದೆ. ಅದರ ಹಿಂದೆಯೇ ಬಿದ್ದೆ. ಚಪ್ಪಲಿ ಮೆಟ್ಟಿಲು ಹತ್ತಿತು, ಇಳಿಯಿತು, ಬಂದು ನಿಂತ ಲೋಕಲ್ ಏರಿತು. ನಾನೂ ಏರಿದೆ. ಏರಿದ ಮೇಲೆ ಸುತ್ತಲೂ ಬಳೆಗಳ ಸದ್ದು. ತಲೆ ಎತ್ತಿ ನೋಡಿದರೆ ಲೇಡೀಸ್ ಡಬ್ಬಾ, ಚಪ್ಪಲಿಯೊಳಗೆ ಯಾರೋ ಬೇರೆ ಹೆಂಗಸು.

ಪೊಲೀಸರ ಮುಂದೆ ನಿಂತು ನಾನು "ಸಾಹೇಬ, ಹೊಲಿಗೆ ಒಂದೇ ಥರ ಇತ್ತು" ಎಂದು ವಿವರಿಸುತ್ತಿದ್ದಾಗ ಹೆಂಡತಿ ಹುಡುಕಿಕೊಂಡು ಬಂದು ಬಿಡಿಸಿದಳು. ಈಗ ಅವಳನ್ನು ನೆನೆದಾಗ ನಿಜಕ್ಕೂ ನನಗೆ ಮೊದಲು ಕಾಣುವುದು ಅವಳ ಪಾದಗಳೇ, ಬೆಳ್ಳಿಯ ಕಾಲುಂಗುರ, ಬಲಗಾಲಿನ ಕಿರುಬೆರಳ ಪಕ್ಕದ ಆಣಿ. ಮುಖ ಆಮೇಲೆ ನಿಧಾನವಾಗಿ ಬರುತ್ತದೆ. ಅದಕ್ಕೆ ನನಗೆ ನಾಚಿಕೆಯೂ ಆಗುತ್ತದೆ, ದುಃಖವೂ ಆಗುತ್ತದೆ.

ಅಂದು ಮನೆ ಮುಟ್ಟಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ನಾ ಸತ್ತ ಮ್ಯಾಲೆ ಗ್ವಾಡಿಗೆ ನನ್ನ ಮಾರಿ ಫೋಟೋ ಹಾಕಬ್ಯಾಡ್ರಿ, ಗುರುತು ಸಿಗಂಗಿಲ್ಲ. ಕಾಲಿನ ಫೋಟೋ ಹಾಕ್ರಿ."

ಹತ್ತೊಂಬತ್ತನೆಯ ಗುಣ

ಬೆಳಗಾವಿ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ ನಮ್ಮ ಪರಿಚಯದವರು. ಮಗಳಿಗೆ ಡೊಂಬಿವಿಲಿಯಲ್ಲಿ ಒಂದು ಗಂಡು ಗೊತ್ತಾಗಿತ್ತು. ನೋಡಲು ಹೊರಟಾಗ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. "ಮಂದಿ ಮಾರಿ ನೋಡಿ ಮೋಸ ಹೋಗ್ತಾರ, ಕಾಲಾಗಿಂದು ನೋಡ್ರಿ ಅಂತ ನೀವ ಹೇಳ್ತಿದ್ರಿ. ಬರ್ರಿ, ಹುಡುಗನ ಬೂಟ ನೋಡಿ ಹೇಳ್ರಿ."

ಗಂಡಿನ ಮನೆಯ ಬಾಗಿಲ ಬಳಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಹುಡುಗನ ಬೂಟು ಎಲ್ಲರಿಗೂ ಕಾಣುವ ಹಾಗೆ ನಡುವೆ ಇತ್ತು. ನಾನು ಫೋನು ಬಂದವನಂತೆ ನಟಿಸಿ ಹೊರಗೇ ಉಳಿದೆ, ಸುತ್ತಮುತ್ತ ನೋಡಿ ಕುಕ್ಕರಗಾಲಲ್ಲಿ ಕೂತೆ. ಒತ್ತಿದೆ, ಕೆರೆದೆ, ಮೂಸಿದೆ. ಆಹಾ! ಒಳಗೂ ಚರ್ಮದ ಅಸ್ತರಿ, ಹಿಮ್ಮಡಿಯಲ್ಲಿ ಪದರ ಪದರವಾಗಿ ಜೋಡಿಸಿದ ಚರ್ಮ, ಹೊಲಿಗೆ ಅಪ್ಪಟ. ಇಂಥ ಬೂಟು ಹಾಕುವವನಿಗೆ ಕಣ್ಣು ಮುಚ್ಚಿ ಹೆಣ್ಣು ಕೊಡಬಹುದು ಎಂದುಕೊಂಡು ಕೈಯನ್ನು ತುದಿಯವರೆಗೆ ತೂರಿಸಿದೆ. ಬೆರಳಿಗೆ ಹತ್ತಿ ತಾಗಿತು. ಎರಡೂ ಬೂಟಿನ ಮೂತಿಯಲ್ಲಿ ಹತ್ತಿ ತುರುಕಿದ್ದರು. ಬೂಟು ಒಂಬತ್ತು ನಂಬರಿನದು. ಒಳಗೆ ಹೋಗಿ ಹುಡುಗನ ಪಾದ ನೋಡಿದೆ, ಏಳು.

ಉಪ್ಪಿಟ್ಟು ಬರುವಷ್ಟರಲ್ಲಿ ವ್ಯಾಪಾರಿಯನ್ನು ಗ್ಯಾಲರಿಗೆ ಕರೆದು ಕಿವಿಯಲ್ಲಿ ಹೇಳಿದೆ: "ಬೂಟ ಭಾರೀ ಛಲೋ ಅದಾವ್ರಿ. ಆದ್ರ ಹುಡುಗನವಲ್ಲ. ಯಾರ್ದೋ ಇಸ್ಕೊಂಡಾರ."

ಅವರು ಒಂದು ಕ್ಷಣ ಬೀದಿಯ ಕಡೆ ನೋಡಿದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಸುಮ್ನಿರ್ರಿ. ನಾ ಹಾಕ್ಕೊಂಡು ಬಂದಿದ್ದೂ ನಮ್ಮ ಭಾವಂದು" ಎಂದರು.

ಮದುವೆ ಗಟ್ಟಿಯಾಯಿತು. ರಾತ್ರಿ ಊಟಕ್ಕೆ ಕೂತು ಇದನ್ನು ಹೇಳಿದಾಗ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಎಷ್ಟು ನಕ್ಕಳೆಂದರೆ ಸಾರು ಬಡಿಸಲಾಗದೆ ಸೌಟು ಕೆಳಗಿಟ್ಟಳು. ಅವಳಿದ್ದಾಗ ಇಂಥದ್ದನ್ನೆಲ್ಲ ತಂದು ಹೇಳಲು ಒಂದು ಮನೆ ಇತ್ತು. ಜಾತಕ ನೋಡಿದವರು ಮೂವತ್ತಾರರಲ್ಲಿ ಹದಿನೆಂಟು ಗುಣ ಕೂಡಿಬರುತ್ತವೆ ಎಂದಿದ್ದರಂತೆ. ಹತ್ತೊಂಬತ್ತನೆಯದು ಬಾಗಿಲ ಬಳಿ ಕೂಡಿತ್ತು.

ನಿಜವಾದ ಅಳು

ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಹೆಂಡತಿಯ ಹದಿಮೂರನೆಯ ದಿನ. ಊಟ ಮುಗಿದು ಬಂದವರೆಲ್ಲ ಹೊರಡುತ್ತಿದ್ದರು. ವಿಜಯಪುರದ ಕಡೆಯ ಒಬ್ಬ ನೆಂಟ, ದೂರದವನು, ನನ್ನ ಎರಡೂ ಕೈ ಹಿಡಿದು ನಿಂತ. ಕಣ್ಣು ಒಣಗಿದ್ದವು, ಆದರೆ ದನಿ ಅಳುತ್ತಿತ್ತು. "ದೇವರಂಥಾ ಹೆಣ್ಮಗಳು. ಹಿಂತಾಕಿ ಸಿಗೋದಿಲ್ಲ. ಧೈರ್ಯಾ ತಗೋರಿ. ಏನರ ಬೇಕಾದ್ರ ಫೋನ್ ಮಾಡ್ರಿ."

"ಆತು" ಎಂದೆ.

ಅವನು ಕೈ ಬಿಡಲಿಲ್ಲ. ನೆಲ ನೋಡಿ, "ಅಂದಂಗ... ಇವು ಮೊನ್ನೆ ತಗೊಂಡೆ. ಭಾಳ ತುಟ್ಟಿ. ಸ್ವಲ್ಪ ನೋಡ್ತೀರೇನು?" ಎಂದ.

ಸುತ್ತ ನಿಂತವರು ಅವನನ್ನು ಕಣ್ಣಿನಲ್ಲೇ ಸುಟ್ಟರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹದಿಮೂರು ದಿನದಿಂದ ಎಲ್ಲರೂ ನನಗೆ ಅದನ್ನು ತಿನ್ನು, ಇಲ್ಲಿ ಕೂಡು ಎಂದು ಹೇಳುತ್ತಿದ್ದರೇ ಹೊರತು ನನ್ನಿಂದ ಆಗುವ ಕೆಲಸವೊಂದನ್ನೂ ಯಾರೂ ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಬೂಟು ಬಗ್ಗಿಸಿದೆ, ಒಳಗಿನ ಅಟ್ಟೆಯನ್ನು ಮೆಲ್ಲಗೆ ಎತ್ತಿ ನೋಡಿದೆ. "ಮೇಲಿನದು ಚರ್ಮಾನ. ಒಳಗ ಮಾತ್ರ ರಟ್ಟು ಹಾಕ್ಯಾರ. ಒಂದು ಮಳಿಗಾಲ ತಡಿಯಂಗಿಲ್ಲ" ಎಂದೆ.

ಆಗ ಅವನು ನಿಜವಾಗಿ ಅತ್ತ.

ಹಾಕಬಾರದ ಬೂಟು

ನಮ್ಮ ಮೇಲಿನ ಮಹಡಿಯಲ್ಲಿ ಕಾರವಾರ ಕಡೆಯ ಮನೆತನದ ಒಬ್ಬ ಹುಡುಗಿ ಇದ್ದಾಳೆ. ಆಫೀಸಿಗೆ ಹೋಗುತ್ತಾಳೆ, ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಗಾಡಿ ಬದಲಿಸುತ್ತಾಳೆ. ಒಂದು ದಿನ ದೊಡ್ಡ ಡಬ್ಬಿ ಹಿಡಿದು ಬಂದಳು. ನನಗೆ ಖುಷಿಯಾಗಿ ಚಹಾಕ್ಕೆ ಎರಡು ಕಪ್ಪು ನೀರಿಟ್ಟೆ.

"ಅಂಕಲ್, ಇದು ಒರಿಜಿನಲ್ ಇದೆಯಾ ನೋಡಿ ನಾ. ಆನ್‌ಲೈನ್ ತಗೊಂಡೆ."

ಬೆಲೆ ಹೇಳಿದಳು. ಅಷ್ಟು ದುಡ್ಡಿಗೆ ನಮ್ಮ ಕಾಲದಲ್ಲಿ ಬೂಟಿನ ಜೊತೆ ಅಂಗಡಿಯೇ ಬರುತ್ತಿತ್ತು. ಗೌರವದಿಂದ ಎತ್ತಿ ಮೂಸಿದೆ. ಗಾಬರಿಯಾಯಿತು. "ಮೋಸ ಆಗೇದವಾ. ಇದು ಚರ್ಮಾನ ಅಲ್ಲ!"

"ಹಾಂ ಅಂಕಲ್, ಚರ್ಮ ಇಲ್ಲ. ಇಸ್ಲಿಯೇ ತೋ ಮೆಹಂಗಾ ಹೈ."

ಚರ್ಮವಲ್ಲದ್ದನ್ನು ಚರ್ಮವೆಂದು ಮಾರಿದರೆ ಮೋಸ ಎಂದು ನಾನು ಮೂವತ್ತೊಂದು ವರ್ಷ ನಂಬಿದ್ದೆ. ಈಗ ಚರ್ಮವಲ್ಲ ಎಂದು ಹೇಳಿಯೇ ಹೆಚ್ಚು ತೆಗೆದುಕೊಳ್ಳುತ್ತಾರೆ. ಸರಿ, ಬಗ್ಗಿಸಿಯಾದರೂ ನೋಡೋಣವೆಂದು ಮೂತಿ ಹಿಡಿದೆ. ಅವಳು ಕಿರುಚಿದಳು. "ಬಗ್ಗಿಸಬೇಡಿ! ನೆರಿಗೆ ಬಂದ್ರೆ ವ್ಯಾಲ್ಯೂ ಹೋಗುತ್ತೆ!"

"ಮತ್ತ ನಡೆಯೂ ಮುಂದ ಬಗ್ಗತದಲ್ಲವಾ?"

"ನಡೆಯೋದು ಇಲ್ಲ ಅಂಕಲ್. ರೇಟ್ ಏರೋ ತನಕ ಇದು ಇಡ್ಲಿಕ್ಕೆ."

ನಾಲ್ಕೇ ನಿಮಿಷದಲ್ಲಿ "ಥ್ಯಾಂಕ್ಯೂ ಅಂಕಲ್" ಎಂದು ಡಬ್ಬಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದಳು. ನೀರು ಆಗಷ್ಟೇ ಕುದಿಯತೊಡಗಿತ್ತು. ಎರಡೂ ಕಪ್ಪು ನಾನೇ ಕುಡಿದೆ. ಹೋಗುವಾಗ ಅವಳ ಕಾಲಲ್ಲಿ ಇದ್ದದ್ದನ್ನು ನೋಡಿದ್ದೆ, ಸ್ಟೇಷನ್ ಹೊರಗೆ ರಾಶಿ ಹಾಕಿ ಮಾರುವ ಪ್ಲಾಸ್ಟಿಕ್ ಚಪ್ಪಲಿ. ಅದು ನಡೆಯಲಿಕ್ಕೆ.

ಉಚಿತ ಸಲಹೆ

ಇದು ಈಚೆಗೆ ಆದದ್ದು. ಬೂಟಿಲ್ಲದೆ ನನ್ನ ಮನೆಗೆ ಜನ ಬರುವುದಿಲ್ಲ ಎಂದಾದರೆ, ಬೂಟೇ ಜನರನ್ನು ಕರೆತರಲಿ ಎಂದು ಉಪಾಯ ಮಾಡಿದೆ. ಸೋಮವಾರವೇ ನಮ್ಮ ಬಿಲ್ಡಿಂಗಿನ ಸೊಸೈಟಿಯ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದೆ: "ದುಬಾರಿ ಬೂಟು ಕೊಂಡಿದ್ದೀರಾ? ಕೊಳ್ಳುವವರಿದ್ದೀರಾ? ಉಚಿತ ಸಲಹೆ. ಭಾನುವಾರ ಹತ್ತರಿಂದ ಹನ್ನೆರಡು." ಹಿಂದಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಕೆಳಗೆ ಜಾಗ ಉಳಿದಿತ್ತು, ಕನ್ನಡದಲ್ಲೂ ಬರೆದೆ. ಬಿಲ್ಡಿಂಗಿನ ತುಂಬ ಗುಜರಾತಿಗಳು, ಮರಾಠಿಗರು, ಓದುವವರು ಯಾರು? ಆದರೂ ಕೈ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆಯೇ ಎದ್ದು ಹಾಲ್ ಗುಡಿಸಿದೆ. ಬಂದವರು ಕೂಡಲಿ ಎಂದು ನೆಲಕ್ಕೆ ಒಗೆದ ಬಿಳಿ ಹಾಸು ಹಾಸಿದೆ. ಆರು ಕಪ್ಪು ತೊಳೆದಿಟ್ಟೆ. ಗಂಟೆ ಒತ್ತುವ ಸಂಕೋಚವೂ ಬೇಡವೆಂದು ಬಾಗಿಲು ಪೂರ್ತಿ ತೆರೆದಿಟ್ಟೆ.

ಹತ್ತಕ್ಕೆ ಸರಿಯಾಗಿ ಸೊಸೈಟಿಯ ಸೆಕ್ರೆಟರಿ ಬಂದರು. "ಬರ್ರಿ" ಎನ್ನುವಷ್ಟರಲ್ಲಿ ಒಂದು ಜೋಡಿ ಬೂಟನ್ನು ಹೊಸ್ತಿಲ ಹೊರಗಿಟ್ಟು, "ದೇಖ್ ಕೇ ರಖೋ, ಬಾದ್ ಮೇಂ ಲೇ ಜಾವೂಂಗಾ" ಎಂದು, ಆಮೇಲೆ ಒಯ್ಯುವುದಾಗಿ ಹೇಳಿ, ತರಕಾರಿ ಚೀಲ ಬೀಸುತ್ತ ಹೋದರು. ಅವರನ್ನು ನೋಡಿ ಎಲ್ಲರೂ ಹಾಗೆಯೇ ಮಾಡಿದರು. ಹನ್ನೊಂದಕ್ಕೆ ನನ್ನ ಬಾಗಿಲ ಹೊರಗೆ ಹದಿನಾಲ್ಕು ಜೋಡಿ ಬೂಟು, ಒಳಗೆ ನಾನೊಬ್ಬ. ನಾಲ್ಕನೆಯ ಮಹಡಿಯವರ ಜಿಮ್ಮಿನ ಬೂಟಂತೂ ವಾಸನೆಯಲ್ಲಿ ಉಳಿದ ಹದಿಮೂರನ್ನೂ ಸೋಲಿಸಿತ್ತು. ತಡೆಯಲಾರದೆ ಹೊಸ್ತಿಲ ಪಕ್ಕ ನಾಲ್ಕು ಊದಿನಕಡ್ಡಿ ಹಚ್ಚಿದೆ. ಬೂಟು ಒಯ್ಯಲು ಬಂದಾಗಲಾದರೂ ಕೂಡಿಸಿ ಚಹಾ ಕೊಡೋಣವೆಂದು, ಬಾಗಿಲು ಹಾಗೆಯೇ ಬಿಟ್ಟು ಹಾಲು ತರಲು ಕೆಳಗೆ ಹೋದೆ. ಡೇರಿಯಲ್ಲಿ ಸಾಲು. ಸಾಲಿಲ್ಲದಿದ್ದರೂ ಡೇರಿಯವನ ಜೊತೆ ಮಾತಾಡುತ್ತ ನಿಲ್ಲುವುದು ನನ್ನ ರೂಢಿ. ಅರ್ಧ ಗಂಟೆ ಹೋಯಿತು.

ಮುಂಬಯಿಯ ಬಿಲ್ಡಿಂಗಿನಲ್ಲಿ ಒಂದು ಬಾಗಿಲ ಹೊರಗೆ ರಾಶಿ ಚಪ್ಪಲಿ ಕಂಡರೆ ಅರ್ಥ ಎರಡೇ: ಒಳಗೆ ಸತ್ಯನಾರಾಯಣ ಪೂಜೆ, ಇಲ್ಲವೇ ಯಾರೋ ಹೋಗಿದ್ದಾರೆ. ಎದುರು ಮನೆಯ ಕೆಲಸದಾಕೆ ಲಿಫ್ಟಿನಿಂದ ಇಳಿದು ನೋಡಿದಳು. ರಾಶಿ ಬೂಟು, ತೆರೆದ ಬಾಗಿಲು, ಊದಿನಕಡ್ಡಿ, ನೆಲಕ್ಕೆ ಬಿಳಿ ಹಾಸು. ಘಂಟೆಯ ಸದ್ದಿಲ್ಲ, ಪ್ರಸಾದದ ಘಮವಿಲ್ಲ. ಇರುವವನು ಒಬ್ಬನೇ ಮುದುಕ. ಅವಳು ಎದೆ ಬಡಿದುಕೊಂಡು ಮೇಲಿನ ಮಹಡಿಗಳಿಗೆ ಓಡಿದಳು.

ಹಾಲಿನ ಎರಡು ಪ್ಯಾಕೆಟ್ ಹಿಡಿದು ನಾನು ಲಿಫ್ಟಿನಿಂದ ಹೊರಬಂದಾಗ ಚಪ್ಪಲಿಯ ರಾಶಿ ದುಪ್ಪಟ್ಟಾಗಿತ್ತು. ಒಳಗೆ ಹಾಸಿನ ತುಂಬ ಬಿಳಿ ಬಟ್ಟೆಯವರು ತಲೆ ತಗ್ಗಿಸಿ ಕೂತಿದ್ದಾರೆ. ಮಹಡಿ ತಪ್ಪಿದೆನೇನೋ ಎಂದು ನಾಮಫಲಕ ನೋಡಿದೆ. ನನ್ನದೇ. ಗೋಡೆಯ ಮೇಲೆ ನನ್ನ ಹೆಂಡತಿಯ ಫೋಟೋಕ್ಕೆ ಯಾರೋ ಹೊಸ ಹಾರ ಹಾಕಿದ್ದರು. ಬಾಲ್ಕನಿಯಲ್ಲಿ ಸೆಕ್ರೆಟರಿ ಬೆನ್ನು ಹಾಕಿ ನಿಂತು ಫೋನಿನಲ್ಲಿ ಯಾವುದೋ ಆಸ್ಪತ್ರೆಗೆ "ಬಾಡಿ ಕಿಧರ್ ಹೈ?" ಎಂದು, ಹೆಣ ಎಲ್ಲಿದೆಯೆಂದು ದಬಾಯಿಸುತ್ತಿದ್ದರು. ನಾಲ್ಕನೆಯ ಮಹಡಿಯವರು ಪಕ್ಕದವರಿಗೆ, "ಬೆಳಿಗ್ಗೆ ತಾನೇ ನೋಡಿದೆ, ಚೆನ್ನಾಗಿದ್ದರು. ನನ್ನ ಬೂಟು ಮೂಸಿಯೇ ಏನಾದರೂ..." ಎಂದು ಹಿಂದಿಯಲ್ಲಿ ಹೇಳಿ ಬೆವರು ಒರೆಸಿಕೊಂಡರು.

ಅದು ಯಾರ ಮಾತೆಂದು ನನಗೆ ಹೊಳೆಯಲಿಲ್ಲ, ಆದರೆ ಸತ್ತ ಮನೆಯಲ್ಲಿ ಬಾಗಿಲಲ್ಲಿ ನಿಂತು ಕೂಗಬಾರದು. ಹಾಲನ್ನು ಬೆನ್ನ ಹಿಂದೆ ಹಿಡಿದು ನನ್ನ ಹಾಸಿನ ತುದಿಯಲ್ಲಿ ನಾನೇ ಮೆಲ್ಲಗೆ ಕೂತೆ. ಪಕ್ಕದಲ್ಲಿ ಐದನೆಯ ಮಹಡಿಯ ಹಿರಿಯರು ಕೂತಿದ್ದರು. ನನಗೆ ಆಮೇಲೆ ತಿಳಿದದ್ದು, ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡಿಗೆ ಮಾಡಿ ನಿವೃತ್ತರಾದವರು, ನನ್ನ ಹಾಗೆಯೇ ಒಬ್ಬರು. ಎರಡು ವರ್ಷದಿಂದ ಲಿಫ್ಟಿನಲ್ಲಿ ಕಂಡಾಗ ಇಬ್ಬರೂ ತಲೆಯಾಡಿಸುತ್ತಿದ್ದೆವು, ಮಾತಾಡಿರಲಿಲ್ಲ.

"ಯಾರು ಹೋದ್ರು ರೀ?" ಎಂದು ಗಾಬರಿಯಲ್ಲಿ ನನ್ನ ಭಾಷೆಯಲ್ಲೇ ಪಿಸುಗುಟ್ಟಿದೆ.

ಅವರು ತಲೆ ಎತ್ತಲಿಲ್ಲ. "ಈ ಮನೆಯವ್ರೇ. ಬೂಟಿನವ್ರು. ಪಾಪ, ಒಬ್ರೇ ಇದ್ರು."

ನನ್ನ ಮೈ ತಣ್ಣಗಾಯಿತು. ಹಾಲಿನ ಪ್ಯಾಕೆಟ್ಟಿನಿಂದಲೂ ಇರಬಹುದು. ಎದ್ದು ನಿಂತು ಹೇಳಬೇಕಿತ್ತು. ಆದರೆ ತಾನು ಸತ್ತ ಮೇಲೆ ಜನ ಏನೆನ್ನುತ್ತಾರೆಂದು ಕೇಳುವ ಅವಕಾಶ ಯಾರಿಗೆ ಸಿಗುತ್ತದೆ? "ಹೆಂಗಿದ್ರು ಮನಷ್ಯಾ?" ಎಂದೆ.

"ಎಂತ ಹೇಳುದು ಮಾರಾಯ್ರೆ. ಅವರ ಹತ್ರ ಒಂದಿನ ಕೂತು ಮಾತಾಡ್ಬೇಕು ಅಂತ ಎರಡು ವರ್ಷದಿಂದ ಇತ್ತು. ಕೆಳಗೆ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದಿದ್ರು, ಅದನ್ನು ದಿನಾ ನಿಂತು ಓದ್ತಿದ್ದೆ. ಆದ್ರೆ ನನ್ನ ಹತ್ರ ಬೂಟು ಇಲ್ಲ. ನಲವತ್ತು ವರ್ಷ ಅಡಿಗೆ ಕೋಣೆಯಲ್ಲಿ ರಬ್ಬರ್ ಚಪ್ಪಲಿಯಲ್ಲೇ ಕಳೀತು. ಎಂತ ನೆಪ ಹೇಳಿ ಬರುದು?"

ಹೇಳಲು ಸಾವಿರ ಮಾತಿದ್ದವು, ಬಾಯಿಗೆ ಬಂದದ್ದು ಒಂದೇ. "ಚಾ ಕುಡೀತೀರೇನ್ರಿ?"

"ಸತ್ತ ಮನೆಯಲ್ಲಿ ಎಂತ ಚಾ..." ಎನ್ನುತ್ತ ಅವರು ತಲೆ ಎತ್ತಿದರು. ಹಾಲು ನೋಡಿದರು. ನನ್ನನ್ನು ನೋಡಿದರು. "ಅಯ್ಯಯ್ಯೋ ದೇವ್ರೇ!" ಎಂದು ಅವರು ಕೂಗಿದ ಕೂಗಿಗೆ ಇಡೀ ಹಾಸು ಎದ್ದು ನಿಂತಿತು. ನಾಲ್ಕನೆಯ ಮಹಡಿಯವರು ಗೋಡೆಗೆ ಅಂಟಿಕೊಂಡು ಕೈ ಮುಗಿದರು. ಬಾಲ್ಕನಿಯಿಂದ ತಿರುಗಿದ ಸೆಕ್ರೆಟರಿ ನನ್ನನ್ನು ದಿಟ್ಟಿಸಿ, ಫೋನಿಗೆ, "ಮಿಲ್ ಗಯಾ, ಮಿಲ್ ಗಯಾ. ಇಧರ್ ಹೀ ಬೈಠಾ ಹೈ" ಎಂದು ಬಾಡಿ ಸಿಕ್ಕ ಸುದ್ದಿ ಕೊಟ್ಟರು.

ಆಮೇಲೆ ನನಗೆ ಬೈಗುಳ. ಸೊಸೈಟಿಗೆ ತಿಳಿಸದೆ ಬಾಗಿಲ ಹೊರಗೆ ಚಪ್ಪಲಿ ರಾಶಿ ಹಾಕುವುದು ನಿಯಮಕ್ಕೆ ವಿರುದ್ಧವಂತೆ. ಬೈದು ಮುಗಿದ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಬೂಟು ಎತ್ತಿಕೊಂಡು, "ಬದುಕಿದ್ದೀರಲ್ಲ, ಒಳ್ಳೆಯದಾಯಿತು. ನಮ್ಮದು ಒರಿಜಿನಲ್ ತಾನೇ?" ಎಂದು ಕೇಳಿ ಹೊರಟರು. ಹತ್ತು ನಿಮಿಷದಲ್ಲಿ ಮನೆಯೂ ಖಾಲಿ, ಬಾಗಿಲ ಹೊರಗೂ ಖಾಲಿ. ತೊಳೆದಿಟ್ಟ ಆರು ಕಪ್ಪು ಹಾಗೆಯೇ ಇದ್ದವು.

ಐದನೆಯ ಮಹಡಿಯವರು ಮಾತ್ರ ನಾಚಿಕೆಯಿಂದ ಇನ್ನೂ ಮೂಲೆಯಲ್ಲಿ ನಿಂತಿದ್ದರು. ರೂಢಿಯಂತೆ ನನ್ನ ಕಣ್ಣು ಅವರ ಕಾಲಿಗೆ ಹೋಯಿತು. ಬಿರಿದ ಹಿಮ್ಮಡಿ, ಮಣ್ಣಾದ ಪಾದ. ಹೊರಗೆ ಒಂದೂ ಚಪ್ಪಲಿ ಉಳಿದಿರಲಿಲ್ಲ.

"ನಿಮ್ಮ ಚಪ್ಪಲಿ ಯಾರರ ಹಾಕ್ಕೊಂಡು ಹೋದ್ರೇನ್ರಿ?"

"ಇಲ್ಲ, ನಾನು ಹಾಕ್ಲೇ ಇಲ್ಲ. ನೀವು ಹೋದ್ರಿ ಅಂತ ಕೇಳಿದ್ದೇ, ಲಿಫ್ಟಿಗೂ ಕಾಯದೆ ಮೆಟ್ಟಿಲಲ್ಲಿ ಓಡಿ ಬಂದೆ."

ನನಗೆ ಅಳು ಬಂತು. ಅವರಿಗೆ ಕಾಣಬಾರದೆಂದು ಹಾಲು ಕಾಯಿಸುವ ನೆಪದಲ್ಲಿ ಅಡಿಗೆ ಮನೆಗೆ ಹೋದೆ. ಅವರೂ ಹಿಂದೆಯೇ ಬಂದರು. ನಾನು ಚಹಾಕ್ಕೆ ನೀರು ಹಾಕಿದ್ದನ್ನು ನೋಡಿ ಸಹಿಸಲಾರದೆ, "ಬಿಡಿ ಮಾರಾಯ್ರೆ, ಇದು ಚಾ ಆಗುದಿಲ್ಲ" ಎಂದು ಪಾತ್ರೆ ಕಸಿದುಕೊಂಡು ತಾವೇ ಮಾಡಿದರು. ಬಿಳಿ ಹಾಸಿನ ಮೇಲೆ ಕೂತು ಇಬ್ಬರೂ ಎರಡೆರಡು ಕಪ್ಪು ಕುಡಿದೆವು. ಬೂಟಿನ ಮಾತು ಒಮ್ಮೆಯೂ ಬರಲಿಲ್ಲ. ಅವರು ಎದ್ದಾಗ ಎರಡು ಗಂಟೆ ದಾಟಿತ್ತು.

ಹೊಸ್ತಿಲ ಬಳಿ ನಿಂತು ಅವರು ಬೋರ್ಡಿನ ಚೀಟಿಯನ್ನು ನೆನಪಿಸಿಕೊಂಡರು. "ನನ್ನ ಹತ್ರ ಬೂಟು ಇಲ್ಲ. ಆದ್ರೂ ಬರುವ ಭಾನುವಾರ ಬರ್ಬಹುದಾ? ಹತ್ತರಿಂದ ಹನ್ನೆರಡರ ಒಳಗೆ?"

"ಬರ್ರಿ" ಎಂದೆ. "ಬೂಟಿಲ್ಲದವರಿಗೆ ಟೈಮಿಂಗ್ ಇಲ್ಲ."